ಪಂಡಿತನ ಖಾಲಿ ಚೌಕ

ಎಲ್ಲಾ ರಾದ್ಧಾಂತಕ್ಕೂ ಮೂಲ ಎರಡು ಪುಟ್ಟ ಚೌಕಗಳು. ಒಂದರ ಪಕ್ಕ ‘ಹೌದು’, ಇನ್ನೊಂದರ ಪಕ್ಕ ‘ಇಲ್ಲ’. ಪರದೇಶಕ್ಕೆ ಓದಲು ಬಂದ ವಿದ್ಯಾರ್ಥಿ ಅಲ್ಲಿನ ಸರ್ಕಾರಕ್ಕೆ ಕೊಡಬೇಕಾದ ತೆರಿಗೆ ರಿಟರ್ನಿನ ಕೊನೆಯ ಪುಟದಲ್ಲಿ ಅವು ಜೋಡಿಯಾಗಿ ಕುಳಿತಿದ್ದವು. ‘ನಿಮ್ಮ ವಿದ್ಯಾರ್ಥಿವೇತನಕ್ಕೆ ಎರಡು ದೇಶಗಳ ಒಪ್ಪಂದದ ಪ್ರಕಾರ ವಿನಾಯಿತಿ ಇದೆಯೇ?’ ಎಂಬುದು ಪ್ರಶ್ನೆ. ಬೇರೆ ಯಾರೇ ಆಗಿದ್ದರೂ ಒಂದಕ್ಕೆ ಗೀಟು ಹಾಕಿ ಕಾಫಿ ಕುಡಿಯಲು ಹೋಗುತ್ತಿದ್ದರು. ಆದರೆ ನಮ್ಮ ಪಂಡಿತ ಪಿಎಚ್.ಡಿ. ಮಾಡುತ್ತಿದ್ದದ್ದೇ ಈ ಪ್ರಶ್ನೆಯ ಮೇಲೆ.

ಪಂಡಿತ ಎಂಬುದು ಜೊತೆಯಲ್ಲಿದ್ದವರು ಇಟ್ಟ ಹೆಸರು. ಅವರೇನೂ ಹೊಗಳಲು ಇಟ್ಟಿರಲಿಲ್ಲ. ಅವನು ಹೊಗಳಿಕೆಯೆಂದೇ ತೆಗೆದುಕೊಂಡಿದ್ದ. ಅವನ ಪ್ರಬಂಧದ ಮೂರನೆಯ ಅಧ್ಯಾಯ ವಿನಾಯಿತಿ ಇದೆ ಎಂದು ಸಾಧಿಸುತ್ತಿತ್ತು. ನಾಲ್ಕನೆಯದು ಇಲ್ಲವೇ ಇಲ್ಲ ಎಂದು ಅಷ್ಟೇ ಗಟ್ಟಿಯಾಗಿ ಸಾಧಿಸುತ್ತಿತ್ತು. ಐದನೆಯದರಲ್ಲಿ ಏನು ಹೇಳುವುದೆಂದು ಇನ್ನೂ ಹೊಳೆದಿರಲಿಲ್ಲ. ಹೀಗೆ ಅಡ್ಡಗೋಡೆಯ ಮೇಲೆ ದೀಪ ಇಟ್ಟದ್ದಕ್ಕೇ ಅವನಿಗೆ ವಿಭಾಗದಲ್ಲಿ ಒಳ್ಳೆಯ ಹೆಸರು. ಹಿಂದಿನ ತಿಂಗಳು ಪ್ರೊಫೆಸರು ಕಾರಿಡಾರಿನಲ್ಲಿ ಎದುರಾಗಿ, “ವಿಭಾಗದ ಮರ್ಯಾದೆ ಪ್ರಶ್ನೆ, ಒಂದು ಕಡೆ ನಿನ್ನ ಹೆಸರು ಕೊಡ್ತೀನಪ್ಪ” ಎಂದಾಗ, ಯಾವ ಕಡೆ ಎಂದೂ ಕೇಳದೆ “ಕೊಡಿ ಸರ್” ಎಂದುಬಿಟ್ಟಿದ್ದ. ಹೊಗಳಿದವರನ್ನು ವಿವರ ಕೇಳುವ ಅಭ್ಯಾಸ ಅವನಿಗಿರಲಿಲ್ಲ.

ರಿಟರ್ನು ಕೊಡಲು ಅಂದೇ ಕೊನೆಯ ದಿನ. ಹಲ್ಲುಜ್ಜುವಾಗಲೇ ಊರಿನಿಂದ ಹೆಂಡತಿಯ ಫೋನು. ಅವಳು ಹೈಸ್ಕೂಲಿನಲ್ಲಿ ಗಣಿತ ಹೇಳುವವಳು. ಮದುವೆಯಾದಾಗಿನಿಂದ ಗಂಡನನ್ನು ಫೋನಿನ ಗಾಜಿನಲ್ಲೇ ಹೆಚ್ಚಾಗಿ ನೋಡಿದವಳು.

“ರೀ, ನಾಳೆ ನನ್ನ ವೀಸಾ ಸಂದರ್ಶನ. ಗಂಡ ರಿಟರ್ನ್ ಕೊಟ್ಟಿದ್ದಕ್ಕೆ ರಸೀದಿ ಇಲ್ದೆ ಬರ್ಲೇಬೇಡಿ ಅಂದಿದ್ದಾರೆ. ನಾಳೆ ತಪ್ಪಿದ್ರೆ ಮತ್ತೆ ತಾರೀಕು ಸಿಗೋದು ಮುಂದಿನ ವರ್ಷಾನೇ. ಇವತ್ತು ಕೊಡ್ತೀರಿ ತಾನೆ?”

“ಕೊಡ್ತೀನಿ ಕಣೆ. ಒಂದೇ ಒಂದು ಗೀಟು ಬಾಕಿ.”

“ಒಂದು ಗೀಟು ಎಳೆಯೋಕೆ ಎಷ್ಟು ಹೊತ್ತು ಬೇಕ್ರೀ?”

“ಕೆಳಗೆ ‘ಇದು ಸತ್ಯವೆಂದು ಪ್ರಮಾಣ ಮಾಡುತ್ತೇನೆ’ ಅಂತ ಅಚ್ಚು ಹಾಕಿದ್ದಾರೆ. ಹೌದು ಅಂದ್ರೆ ನನ್ನ ನಾಲ್ಕನೇ ಅಧ್ಯಾಯ ಸುಳ್ಳಾಗುತ್ತೆ, ಇಲ್ಲ ಅಂದ್ರೆ ಮೂರನೇದು. ಯಾವ ಸರ್ಕಾರಕ್ಕೂ ಹೆದರಿ ನಾನು ಸುಳ್ಳು ಪ್ರಮಾಣ ಮಾಡೋನಲ್ಲ!”

“ನನಗೆ ಹೆದರಿ ಮಾಡಿ,” ಎಂದು ಅವಳು ಫೋನ್ ಇಟ್ಟಳು.

ಅವಳು ಬರಲಿ ಎಂಬ ಆಸೆ ಅವನಿಗೇನು ಕಡಿಮೆ ಇರಲಿಲ್ಲ. ಒಂದೇ ತಟ್ಟೆ, ಒಂದೇ ಲೋಟ ತೊಳೆದು ತೊಳೆದು ಜೀವ ಬೇಸತ್ತಿತ್ತು. ಆದರೆ ಆಸೆ ಇದ್ದದ್ದು ಎದೆಯಲ್ಲಿ. ಹಟ ಅದಕ್ಕಿಂತ ಮೇಲೆ, ತಲೆಯಲ್ಲಿ ಕುಳಿತಿತ್ತು.

ಅಡುಗೆಮನೆಯಲ್ಲಿ ‘ರಸಾಯನ’ ಎಂಬ ಅಡ್ಡಹೆಸರಿನ ಗೆಳೆಯ ಕಾದಿದ್ದ. ರಸಾಯನಶಾಸ್ತ್ರದ ಸಂಶೋಧಕ, ಊರ ಕಡೆಯವನೇ, ಪಕ್ಕದ ಕೋಣೆಯವನು.

“ಪಂಡಿತ, ನಂದೂ ನಿಂದೂ ಒಂದೇ ದೇಶ, ಒಂದೇ ವಿದ್ಯಾರ್ಥಿವೇತನ. ಹೌದು ಅಂತ ಹಾಕ್ಲಾ, ಇಲ್ಲ ಅಂತ ಹಾಕ್ಲಾ?”

“ಅದು ಹಾಗಲ್ಲಯ್ಯ. ಮೊದಲು ಒಪ್ಪಂದದ ಪೀಠಿಕೆಯಿಂದ ಶುರು ಮಾಡೋಣ…”

ಪೀಠಿಕೆ ಮುಗಿಯುವಷ್ಟರಲ್ಲಿ ಒಲೆಯ ಮೇಲಿನ ಬ್ರೆಡ್ಡು ಇದ್ದಿಲಾಗಿತ್ತು. ಹೊಗೆ ಕಂಡರೆ ಕೂಗುವ ಚಾವಣಿಯ ಗಂಟೆ ಬಡಿದುಕೊಳ್ಳತೊಡಗಿತು. ಕೆಳಗಿನಿಂದ ಮನೆಯೊಡತಿ ಅಜ್ಜಿ ಪೊರಕೆ ಹಿಡಿದು ಓಡಿಬಂದು ಗಂಟೆಗೆ ಗುರಿಯಿಟ್ಟು ತಿವಿದಳು. ಪೊರಕೆ ಗಂಟೆಗೆ ತಾಗಲಿಲ್ಲ; ಟೀ ಪಾತ್ರೆಗೆ ತಾಗಿತು. ಟೀ ಅಷ್ಟೂ ಮೇಜಿನ ಮೇಲಿದ್ದ ಪಂಡಿತನ ರಿಟರ್ನಿನ ಮೇಲೆ ಹರಿಯಿತು. ವಿಷಯ ತಿಳಿದ ಅಜ್ಜಿ ಉಪದೇಶಕ್ಕೆ ನಿಂತಳು.

“ಒಂದು ನಾಣ್ಯ ಚಿಮ್ಮಿಸಪ್ಪಾ. ನಮ್ಮ ಯಜಮಾನರು ಹಾಗೇ ಮಾಡ್ತಿದ್ರು. ನನ್ನನ್ನ ಮದುವೆ ಆಗಿದ್ದೂ ಹಾಗೇ.”

“ಅಜ್ಜೀ, ಮೂರು ವರ್ಷದ ಸಂಶೋಧನೆನ ಒಂದು ನಾಣ್ಯದ ಕಾಲಿಗೆ ಕೆಡವ್ಲಾ? ಸಾಧ್ಯ ಇಲ್ಲ!” ಎಂದು ಪಂಡಿತ ಕೋಟು ಏರಿಸಿಕೊಂಡು ಹೊಸ ನಮೂನೆ ತರಲು ತೆರಿಗೆ ಕಚೇರಿಗೆ ಹೊರಟ.

ದಾರಿಯಲ್ಲಿ ಫೋನು ಬಡಿಯಿತು. ಗೊತ್ತಿಲ್ಲದ ನಂಬರು, ಹೆಣ್ಣು ದನಿ, ಆ ದೇಶದ ಭಾಷೆ. “ನಮಸ್ಕಾರ ಸರ್, ತೆರಿಗೆ ವಿಚಾರವಾಗಿ ತುರ್ತಾಗಿ ನಿಮ್ಮ ಹತ್ರ…”

ರಿಟರ್ನಿನ ಕಾಲವೆಂದರೆ ಮೋಸಗಾರರಿಗೆ ಸುಗ್ಗಿಯ ಕಾಲ. ತೆರಿಗೆಯವರೆಂದು ಹೇಳಿಕೊಂಡು ಬ್ಯಾಂಕಿನ ಗುಟ್ಟು ಕೇಳುವವರ ಬಗ್ಗೆ ಪಂಡಿತ ಓದಿದ್ದ. ಸಿಟ್ಟು ಬಂದರೆ ಅವನಿಗೆ ಬರುತ್ತಿದ್ದ ಭಾಷೆ ಕನ್ನಡ ಒಂದೇ. “ನಿನ್ನ ತಲೆ! ನನಗೇ ಟೋಪಿ ಹಾಕ್ತೀಯಾ?” ಎಂದು ಗುಡುಗಿ ಕಟ್ ಮಾಡಿದ. ಆಮೇಲೂ ಅದೇ ನಂಬರು ಮತ್ತೆ ಮತ್ತೆ ಬಂತು. ಮತ್ತೆ ಮತ್ತೆ ಕಟ್ ಮಾಡಿದ. ಪ್ರತಿ ಸಲವೂ ಅವನ ಎದೆ ಇಷ್ಟಿಷ್ಟೇ ಉಬ್ಬುತ್ತಿತ್ತು.

ತೆರಿಗೆ ಕಚೇರಿಯ ಗುಮಾಸ್ತ ಗಾಜಿನ ಹಿಂದಿನಿಂದ ಹೊಸ ನಮೂನೆ ತಳ್ಳಿದ. ಪಂಡಿತ ಅಲ್ಲೇ ನಿಂತು ಎಲ್ಲ ತುಂಬಿಸಿದ. ಕೊನೆಯ ಪುಟಕ್ಕೆ ಬಂದಾಗ ಮೈಯಲ್ಲಿ ಏನೋ ಹುಮ್ಮಸ್ಸು ಹೊಕ್ಕಿತು. ‘ಹೌದು’, ‘ಇಲ್ಲ’ಗಳ ಕೆಳಗೆ ತಾನೇ ಒಂದು ಚೌಕ ಬರೆದು, ಪಕ್ಕದಲ್ಲಿ ‘ಎರಡೂ ರೀತಿ ವಾದಿಸಬಹುದು’ ಎಂದು ಸೇರಿಸಿ, ದಪ್ಪಗೆ ಗೀಟು ಹಾಕಿ ಒಳಗೆ ತೂರಿಸಿದ.

ಗುಮಾಸ್ತ ಅದನ್ನು ಸತ್ತ ಇಲಿಯ ಬಾಲ ಹಿಡಿದಂತೆ ಹಿಡಿದು ವಾಪಸು ಕೊಟ್ಟ. “ಸ್ವಾಮಿ, ಸರ್ಕಾರ ಕೊಟ್ಟಿರೋದು ಎರಡೇ ಚೌಕ.”

“ಸರ್ಕಾರಕ್ಕೆ ಗೊತ್ತಿಲ್ದೇ ಇರೋದನ್ನ ನಾನು ಹೇಳಿಕೊಡ್ತಿದ್ದೀನಿ!”

“ಹೇಳಿಕೊಡೋದಿದ್ರೆ ಅಲ್ಲಿಗೆ ಹೋಗಿ,” ಎಂದು ಗುಮಾಸ್ತ ಇನ್ನೊಂದು ನಮೂನೆ ಕೊಟ್ಟು ಬಾಗಿಲು ತೋರಿಸಿದ. “ನಿಮ್ಮ ವಿಶ್ವವಿದ್ಯಾಲಯದಲ್ಲೇ ಸಹಾಯ ಶಿಬಿರ ಇದೆ. ಐದು ಗಂಟೆವರೆಗೆ ಅಲ್ಲೇ ತಗೊಂಡು ರಸೀದಿ ಕೊಡ್ತಾರೆ. ನಮ್ಮ ಕೈಲಿ ಬಿಡಿಸಕ್ಕಾಗದ ಗಂಟುಗಳನ್ನ ನಾವೂ ಅಲ್ಲಿಗೇ ಕಳಿಸೋದು. ಯಾರೋ ಭಾರೀ ತಜ್ಞರಿದ್ದಾರಂತೆ.”

ತನಗಿಂತ ಭಾರೀ ತಜ್ಞ ಯಾರಪ್ಪ ಎಂದು ಪಂಡಿತನಿಗೆ ಒಳಗೊಳಗೇ ಉರಿಯಿತು. ಆದರೂ ಹೋದ.

ಗ್ರಂಥಾಲಯದ ನೆಲಮಾಳಿಗೆಯಲ್ಲಿ ಶಿಬಿರ. ದೇಶದೇಶದ ವಿದ್ಯಾರ್ಥಿಗಳು ನಮೂನೆ ಬೀಸಣಿಗೆ ಮಾಡಿಕೊಂಡು ಸಾಲಿನಲ್ಲಿ ಬೆವರುತ್ತಿದ್ದರು. ನಡುವೆ ರಸಾಯನನೂ ಇದ್ದ; ಪಂಡಿತ ಸಲುಗೆಯಿಂದ ಅವನ ಮುಂದೆ ತೂರಿಕೊಂಡ. ಮೇಜಿನ ಹಿಂದೆ ಸ್ವಯಂಸೇವಕಿ ಹುಡುಗಿಯೊಬ್ಬಳು ಅಳುವುದೊಂದು ಬಾಕಿ ಎಂಬಂತೆ ಕುಳಿತಿದ್ದಳು.

“ಸರ್, ಈ ಹೌದು-ಇಲ್ಲ ಮಾತ್ರ ನನಗೆ ಗೊತ್ತಿಲ್ಲ, ತಜ್ಞರೇ ಹೇಳ್ಬೇಕು. ಅವರು ಬೆಳಿಗ್ಗೆಯಿಂದ ಫೋನ್ ಮಾಡಿದಾಗೆಲ್ಲ ಕಟ್ ಮಾಡ್ತಿದ್ದಾರೆ. ಇಷ್ಟು ಜನಾನೂ ಅದಕ್ಕೇ ಕಾಯ್ತಿರೋದು.”

ಪಂಡಿತನ ರಕ್ತ ಕುದಿಯಿತು. ನಾಳೆಯ ಸಂದರ್ಶನ, ಊರಿನಲ್ಲಿ ಪೆಟ್ಟಿಗೆ ಕಟ್ಟಿಟ್ಟು ಕುಳಿತ ಹೆಂಡತಿ, ಎಲ್ಲ ಒಮ್ಮೆಗೇ ಕಣ್ಣ ಮುಂದೆ ಬಂದವು. ಹತ್ತಿರದ ಕುರ್ಚಿ ಎಳೆದು ಹತ್ತಿ ನಿಂತ.

“ಗೆಳೆಯರೇ! ನಾವು ಹೊರಗಿನವರು ಅಂತ ತಾನೆ ಈ ಸದರ? ಹೆಂಡತಿ ಮಕ್ಕಳನ್ನ ಬಿಟ್ಟು ಬಂದಿರೋ ಜನ ಇಲ್ಲಿ ಬೇಯ್ತಿದ್ರೆ, ಆ ಮಹಾನುಭಾವ ಎಲ್ಲೋ ತಣ್ಣಗೆ ತಿರುಗ್ತಿದ್ದಾನೆ! ಕೊಡಿ ಕಾಗದ. ದೂರು ಬರೀತೀನಿ!”

ಜನ ಚಪ್ಪಾಳೆ ತಟ್ಟಿದರು. ಪಂಡಿತ ಬರೆದ. ‘ಈ ತಜ್ಞ ಎಂಬಾತ ಅಹಂಕಾರಿ, ಬೇಜವಾಬ್ದಾರಿ, ನಂಬಲು ಅಯೋಗ್ಯ.’ ಕೆಳಗೆ ಮೊದಲ ಸಹಿ ತಾನೇ ಹಾಕಿ, ಸಾಲಿನವರಿಂದಲೂ ಹಾಕಿಸಿದ. ಹುಡುಗಿ ಅದಕ್ಕೆ ಮುದ್ರೆ ಒತ್ತಿದಳು.

“ಈಗ ಅವನಿಗೆ ಹಚ್ಚಮ್ಮ ಫೋನು. ನಾನೇ ಮಾತಾಡ್ತೀನಿ. ಅವನ ಜನ್ಮ ಜಾಲಾಡಿಬಿಡ್ತೀನಿ!”

ಹುಡುಗಿ ನಂಬರು ಒತ್ತಿದಳು. ಅಷ್ಟರಲ್ಲಿ ಪಂಡಿತನ ಕೋಟಿನ ಜೇಬು ಬಡಿದುಕೊಂಡಿತು. “ಒಂದ್ನಿಮಿಷ, ಆ ಮೋಸಗಾರರು ಮತ್ತೆ,” ಎನ್ನುತ್ತಾ ಅಭ್ಯಾಸಬಲದಿಂದ ಕಟ್ ಮಾಡಿದ.

“ನೋಡಿದ್ರಾ ಸರ್? ಮತ್ತೆ ಕಟ್ ಮಾಡಿದ್ರು.”

“ಬಿಡ್ಬೇಡ, ಇನ್ನೊಂದ್ಸಲ ಮಾಡು!”

ಅವಳು ಮಾಡಿದಳು. ಜೇಬು ಮತ್ತೆ ಬಡಿದುಕೊಂಡಿತು. ಈ ಸಲ ಚಪ್ಪಾಳೆ ತಟ್ಟಿದವರೆಲ್ಲ ಆ ಜೇಬನ್ನೇ ನೋಡುತ್ತಿದ್ದರು. ಕುರ್ಚಿಯ ಮೇಲೆ ನಿಂತಿದ್ದ ಪಂಡಿತನಿಗೆ ಪ್ರೊಫೆಸರು, ಕಾರಿಡಾರು, ‘ಒಂದು ಕಡೆ ನಿನ್ನ ಹೆಸರು ಕೊಡ್ತೀನಪ್ಪ’ ಎಂಬ ಮಾತು, ಎಲ್ಲ ನಿಧಾನವಾಗಿ ನೆನಪಾದವು. ಅವನು ಕುರ್ಚಿಯಿಂದ ಇಳಿದ.

ಹುಡುಗಿ ಫೋನು ಕೆಳಗಿಟ್ಟಳು. “ಸರ್, ಬೆಳಿಗ್ಗೆ ಫೋನಲ್ಲಿ ‘ನಿನ್ನ ತಲೆ’ ಅಂದ್ರಲ್ಲ, ಹಾಗಂದ್ರೆ ಏನು?”

“ಅದು… ನಮ್ಮ ಕಡೆ ನಮಸ್ಕಾರ ಹೇಳೋ ರೀತಿ,” ಎಂದ ಪಂಡಿತ. ರಸಾಯನ ಗೋಡೆಯ ಕಡೆ ತಿರುಗಿ ಕೆಮ್ಮಿದ.

ಮುಂದಿನದು ಹೇಳಲು ಏನಿದೆ? ಅದೇ ಕುರ್ಚಿಯಲ್ಲಿ ಅವನನ್ನು ಕೂರಿಸಿದರು, ಸಾಲು ಅವನ ಮೇಲೆ ಮುಗಿಬಿತ್ತು. ಪೀಠಿಕೆಯಿಂದ ಶುರುಮಾಡಲು ಯಾರೂ ಬಿಡಲಿಲ್ಲ. “ನಿಮ್ಮ ದೇಶಾನಾ? ಹೌದು ಅಂತ ಹಾಕಿ. ನಿಮ್ದು? ಇಲ್ಲ ಅಂತ ಹಾಕಿ. ಮುಂದೆ ನಡೀರಿ.” ಬೆಳಗಿನಿಂದ ಬಿಡಿಸಲಾಗದ ಗಂಟು ಬೇರೆಯವರದಾದಾಗ ಹೂವಿನ ಸರದಷ್ಟು ಸಲೀಸಾಗಿ ಬಿಚ್ಚಿಕೊಳ್ಳುತ್ತಿತ್ತು.

“ನಂದು?” ಎಂದ ರಸಾಯನ.

“ಹೌದು ಅಂತ ಹಾಕೋ.”

“ಮತ್ತೆ ನಿನ್ನ ನಾಲ್ಕನೇ ಅಧ್ಯಾಯ?”

“ಹಾಕೋ ಅಂದ್ನಲ್ಲ!”

ರಸಾಯನ ರಸೀದಿ ಜೇಬಿಗಿಳಿಸಿ ಹೋದ. ಕೊನೆಗೆ ಉಳಿದದ್ದು ಪಂಡಿತನ ನಮೂನೆ ಒಂದೇ. ಹುಡುಗಿ ಮುದ್ರೆ ಎತ್ತಿ ಹಿಡಿದು ಕಾದಳು. “ಬೇಗ ಸರ್, ಐದಾಗ್ತಾ ಬಂತು. ಹಾಗೇ ಆ ದೂರನ್ನ ಹರಿದುಹಾಕ್ಲಾ?”

ಪಂಡಿತ ಪೆನ್ನನ್ನು ‘ಹೌದು’ ಮೇಲೆ ತಂದ. ಕಣ್ಣು ‘ಪ್ರಮಾಣ ಮಾಡುತ್ತೇನೆ’ ಎಂಬಲ್ಲಿಗೆ ಹೋಯಿತು. ‘ಇಲ್ಲ’ದ ಮೇಲೆ ತಂದ. ಮತ್ತೆ ‘ಹೌದು’ ಮೇಲೆ.

“ದೂರು ಹರೀಬೇಡ,” ಎಂದ ತಲೆಯೆತ್ತಿ. “ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಆ ಮನುಷ್ಯನಿಗೆ ಬುದ್ಧಿ ಬರ್ಲಿ.”

ಗಡಿಯಾರ ಐದು ಹೊಡೆಯಿತು. ಹುಡುಗಿ ನಿಟ್ಟುಸಿರಿಟ್ಟು ಮುದ್ರೆಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳು. ಹೋಗುವಾಗ ಬಾಗಿಲಲ್ಲಿ ನಿಂತು, ಭಕ್ತಿಯಿಂದ ತಲೆ ಬಾಗಿಸಿ, “ನಿನ್ನ ತಲೆ, ಸರ್,” ಎಂದಳು.

ಮೆಟ್ಟಿಲು ಹತ್ತುವಷ್ಟರಲ್ಲಿ ಊರಿನ ಫೋನು.

“ಆಯ್ತೇನ್ರೀ?”

“ಎಲ್ರದೂ ಆಯ್ತು ಕಣೆ.”

“ನಿಮ್ದು?”

ಪಂಡಿತ ನಡೆದದ್ದನ್ನೆಲ್ಲ ಹೇಳಿದ. ಗಣಿತದವಳು ಲೆಕ್ಕದ ಒಂದೊಂದೇ ಮೆಟ್ಟಿಲು ಬಿಡಿಸುವಂತೆ ಕೇಳಿದಳು. “ರಸಾಯನ ಅವರಿಗೆ ಏನು ಹಾಕು ಅಂದ್ರಿ?”

“ಹೌದು ಅಂತ.”

“ಅವರದೂ ನಿಮ್ದೂ ಒಂದೇ ಅಲ್ವಾ? ನೀವೂ ಅದನ್ನೇ ಹಾಕ್ಬಹುದಿತ್ತಲ್ಲ?”

“ಅದ್ಹೇಗೆ ಹಾಕ್ಲೇ?” ಪಂಡಿತ ರೇಗಿದ. “ಆ ತಜ್ಞನ ಮೇಲೆ ನನಗೆ ನಂಬಿಕೆ ಇಲ್ಲ. ಬರೆದುಕೊಟ್ಟಿದ್ದೀನಿ!”

ಆ ತುದಿಯಲ್ಲಿ ಕಟ್ಟಿಟ್ಟ ಪೆಟ್ಟಿಗೆಯ ಬಕಲು ಬಿಚ್ಚಿದ ಸದ್ದು ಕೇಳಿಸಿತು.

“ನನಗೂ ಇಲ್ಲ,” ಎಂದು ಅವಳು ಫೋನ್ ಇಟ್ಟಳು.