ಮಾತ್ಸು ತಾಯಿಯ ಗಳಿಕೆ ರಜೆ

ಸಂಗ್ರಹಾಲಯದ ಒಳಗೆ ಒಮ್ಮೆ ಬಂದ ವಸ್ತು ಹೊರಗೆ ಹೋಗತಕ್ಕದ್ದಲ್ಲ. ತೈವಾನಿನ ದಕ್ಷಿಣ ಕರಾವಳಿಯಲ್ಲಿರುವ ಏಷ್ಯಾ ಕಲೆ ಮತ್ತು ಸಂಸ್ಕೃತಿ ಚರಿತ್ರೆಯ ಸಂಗ್ರಹಾಲಯದ ಮೊದಲನೇ ನಿಯಮ ಇದು. ಮೊದಲನೇ ನಿಯಮವನ್ನು ಯಾರೂ ಪ್ರಶ್ನಿಸತಕ್ಕದ್ದಲ್ಲ ಎಂಬುದು ಎರಡನೇ ನಿಯಮ. ಸುವಾಲುನ್ ಎಂಬ ಮೀನುಗಾರರ ಹಳ್ಳಿಯವರಿಗೆ ಇದೆಲ್ಲ ಎಲ್ಲಿ ಗೊತ್ತು? ಗುಡಿಯ ಮಾಡು ರಿಪೇರಿಯಾಗುವ ತನಕ ಇರಲಿ ಎಂದು ಅವರು ತಮ್ಮ ಕಡಲದೇವತೆ ಮಾತ್ಸು ತಾಯಿಯ ಮರದ ವಿಗ್ರಹವನ್ನು ಇಲ್ಲಿ ತಂದಿಟ್ಟರು. ಮಾಡು ರಿಪೇರಿಯಾಯಿತು. ಅಷ್ಟರಲ್ಲಿ ತಾಯಿ ಗಾಜಿನ ಪೆಟ್ಟಿಗೆಯೊಳಗೆ, ‘ಮರದ ಕೆತ್ತನೆ, ಬಣ್ಣ ಮಾಸಿದೆ’ ಎಂಬ ಫಲಕದ ಹಿಂದೆ ಖಾಯಂ ಆಗಿಬಿಟ್ಟಿದ್ದಳು.

ಗುಡಿಯಲ್ಲಿ ತಾಯಿಗೆ ಉಡಿಸಿ ತೊಡಿಸಿ ಮಾಡುತ್ತಿದ್ದವಳು ಚೂ ಅಜ್ಜಿ. ತಾಯಿಯ ಹುಟ್ಟುಹಬ್ಬ ಹತ್ತಿರ ಬರುತ್ತಿದ್ದಂತೆ ಅಜ್ಜಿಗೆ ಊಟ ಸೇರದಾಯಿತು. ಹುಟ್ಟಿದ ದಿನ ಮಗಳು ಪರರ ಮನೆಯಲ್ಲಿ ಕೂತಿದ್ದರೆ ಯಾರ ಹೊಟ್ಟೆ ಉರಿಯುವುದಿಲ್ಲ ಹೇಳಿ! ಈ ಸಲ ಏನೇ ಆಗಲಿ ಅವಳನ್ನು ಮನೆಗೆ ಕರೆತರುವುದೇ ಸೈ ಎಂದು, ಹೊಸದಾಗಿ ಹೊಲಿದ ಕೆಂಪು ನಿಲುವಂಗಿಯನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದಳು.

ಟಿಕೆಟ್ ಕಿಟಕಿಯಲ್ಲಿದ್ದ ಫಾಂಗ್ ಎಂಬ ಹುಡುಗಿ ಕೇಳಿದಳು, “ಏನ್ ನೋಡೋಕ್ ಬಂದ್ರಿ ಅಜ್ಜಿ?”

“ನಮ್ಮನೆಯವಳನ್ನ.”

“ಮನೆಯವ್ರಿಗೆ ರಿಯಾಯಿತಿ ಇಲ್ಲ ಅಜ್ಜಿ. ವಯಸ್ಸಾದವ್ರಿಗಿದೆ.”

ಅಜ್ಜಿ ವಯಸ್ಸಾದವರ ಟಿಕೆಟ್ ಕೊಂಡು ನೇರ ಉಪನಿರ್ದೇಶಕ ಯೇ ಸಾಹೇಬರ ಕೋಣೆಗೆ ನುಗ್ಗಿದಳು. ಯೇ ಸಾಹೇಬರು ಕೆಟ್ಟವರಲ್ಲ. ಚಹಾ ಬಗ್ಗಿಸಿ ಕೊಟ್ಟರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಇಲ್ಲಿ ಪೂಜಾರಿಯೂ ಕೊಡಲು ತಯಾರಿದ್ದರು, ನಿಯಮಾವಳಿಯೊಂದೇ ಅಡ್ಡ.

“ವಸ್ತು ಹೊರಗೆ ಹೋಗೋ ಹಾಗಿಲ್ಲ ಅಜ್ಜಿ. ಇಲ್ಲಿಂದ ಹೊರಗೆ ಹೋಗೋ ಹಕ್ಕಿರೋದು ಸಿಬ್ಬಂದಿಗೆ ಮಾತ್ರ. ಅದೂ ರಜೆ ಹಾಕಿ.”

“ಹಂಗಾದ್ರೆ ಅವಳನ್ನೂ ಸಿಬ್ಬಂದಿ ಮಾಡ್ಕೊಳ್ಳಿ.”

ಯೇ ಸಾಹೇಬರು ಬಟ್ಟಲು ಕೆಳಗಿಟ್ಟರು. ಹಾಗೆ ಮಾಡಕೂಡದೆಂದು ನಿಯಮಾವಳಿಯಲ್ಲಿ ಎಲ್ಲೂ ಇರಲಿಲ್ಲ. ಮೇಲಾಗಿ ‘ಕಡಲ ಸಂಸ್ಕೃತಿ ಸಲಹೆಗಾರರು’ ಎಂಬ ಹುದ್ದೆ ಬಹುಕಾಲದಿಂದ ಖಾಲಿ ಬಿದ್ದಿತ್ತು. ಅದಕ್ಕೆ ಬೇಕಾದಷ್ಟು ಅನುಭವ ಇರುವ ಮನುಷ್ಯರೇ ಸಿಕ್ಕಿರಲಿಲ್ಲ.

ವಯಸ್ಸಿನ ಮಾತು ಬಂದಾಗ ಕಚೇರಿ ಕೊಂಚ ಅಳುಕಿತು. ಸಾವಿರ ವರ್ಷದವರನ್ನು ನೇಮಿಸಿಕೊಳ್ಳುವುದು ಹೇಗೆ? ಆದರೆ ತಾಯಿ ಮನುಷ್ಯಳಾಗಿ ಹುಟ್ಟಿ ಇಪ್ಪತ್ತೆಂಟಕ್ಕೇ ಸ್ವರ್ಗ ಸೇರಿದವಳು, ಆಮೇಲೆ ಅವಳಿಗೆ ವಯಸ್ಸಾಗಿಲ್ಲ ಎಂಬುದು ಊರಿಗೆಲ್ಲ ಗೊತ್ತಿದ್ದ ವಿಷಯ. ಆದ್ದರಿಂದ ಅಭ್ಯರ್ಥಿಯ ವಯಸ್ಸು ಇಪ್ಪತ್ತೆಂಟು ಎಂದು ತೀರ್ಮಾನವಾಯಿತು. ವಿಗ್ರಹಗಳ ಸಂರಕ್ಷಣಾ ವಿಭಾಗದವರು ಟಾರ್ಚು ಬಿಟ್ಟು ನೋಡಿ, ಗೆದ್ದಲು ಹಿಡಿದಿಲ್ಲವೆಂದು ವೈದ್ಯಕೀಯ ಪ್ರಮಾಣಪತ್ರ ಕೊಟ್ಟರು.

ಉಳಿದದ್ದು ಸಂದರ್ಶನ. ದೇವರನ್ನು ಮಾತಾಡಿಸುವುದು ಅರ್ಧಚಂದ್ರದ ಆಕಾರದ ಎರಡು ಮರದ ತುಂಡುಗಳನ್ನು ನೆಲಕ್ಕೆ ಹಾಕಿ. ಒಂದು ಅಂಗಾತ, ಒಂದು ಕವುಚಿ ಬಿದ್ದರೆ ಹೂಂ. ಎರಡೂ ಕವುಚಿ ಬಿದ್ದರೆ ಊಹೂಂ. ಎರಡೂ ಅಂಗಾತ ಬಿದ್ದರೆ ದೇವರು ನಗುತ್ತಿದ್ದಾಳೆಂದು ಅರ್ಥ. ಪ್ರದರ್ಶನದ ಕೋಣೆಯಲ್ಲಿ ಏನನ್ನೂ ನೆಲಕ್ಕೆ ಬೀಳಿಸಕೂಡದೆಂಬ ನಿಯಮ ಇದ್ದುದರಿಂದ ಕೆಳಗೆ ಟವೆಲ್ ಹಾಸಲಾಯಿತು.

“ತಾಯಿ, ಈ ಹುದ್ದೆ ತಮಗೆ ಒಪ್ಪಿಗೆಯಾ?” ಎಂದು ಯೇ ಸಾಹೇಬರು ಕೈಮುಗಿದು ತುಂಡು ಹಾಕಿದರು. ಎರಡೂ ಅಂಗಾತ ಬಿದ್ದವು. ‘ಅಭ್ಯರ್ಥಿ ಹಸನ್ಮುಖಿ’ ಎಂದು ಬರೆದುಕೊಳ್ಳಲಾಯಿತು. ಇನ್ನೊಮ್ಮೆ ಹಾಕಿದಾಗ ಹೂಂ ಬಂತು.

“ಹಂಗೇ ಇನ್ನೊಂದು ತಾಯಿ… ನಿರ್ದೇಶಕರ ಕುರ್ಚಿ ಈ ವರ್ಷ ನಂಗೆ…” ಎಂದು ಸಾಹೇಬರು ದನಿ ತಗ್ಗಿಸಿದರು. ಎರಡೂ ಕವುಚಿ ಬಿದ್ದವು. ಈ ಪ್ರಶ್ನೆ ಸಂದರ್ಶನದ ವ್ಯಾಪ್ತಿಗೆ ಬರುವುದಿಲ್ಲವೆಂದು ಕೈಬಿಡಲಾಯಿತು.

ಪೆಟ್ಟಿಗೆಯಲ್ಲಿ ಕೂತ ದಿನಗಳನ್ನೆಲ್ಲ ಸೇವೆಯೆಂದು ಲೆಕ್ಕ ಹಿಡಿದು ತಾಯಿಗೆ ಗಳಿಕೆ ರಜೆ ಮಂಜೂರಾಯಿತು. ಅಜ್ಜಿ ಅಲ್ಲೇ ಕಣ್ಣೊರೆಸಿಕೊಂಡು, ಚೀಲದಿಂದ ನಿಲುವಂಗಿ ತೆಗೆದಳು.

“ಒಂದು ನಿಮಿಷ ಅಜ್ಜಿ,” ಎಂದರು ಸಾಹೇಬರು. “ರಜೆ ಹೋಗೋವ್ರು ತಮ್ಮ ಜಾಗಕ್ಕೆ ಬದಲಿ ಕೊಟ್ಟು ಹೋಗ್ಬೇಕು. ನಾನು ಹಲ್ಲು ಕೀಳಿಸ್ಕೊಳ್ಳೋಕೆ ಹೋದ್ರೂ ಅಷ್ಟೇ. ಬದಲಿಯವ್ರು ಅದೇ ಊರಿನವ್ರಾಗಿರ್ಬೇಕು, ಅದೇ ಗುಡಿಯಲ್ಲಿ ಸೇವೆ ಸಲ್ಲಿಸಿರ್ಬೇಕು.”

“ಅಂಥೋರು ಇನ್ಯಾರಿದಾರೆ, ನಾನೇ.”

“ಅದೇ ನಾನೂ ಹೇಳಿದ್ದು,” ಎಂದು ಸಾಹೇಬರು ಗಾಜಿನ ಪೆಟ್ಟಿಗೆಯ ಕಡೆ ನೋಡಿದರು.

ಅಜ್ಜಿಯೂ ಆ ಕಡೆ ನೋಡಿದಳು. ಪಲ್ಲಕ್ಕಿಯ ಮುಂದೆ ಊದುಬತ್ತಿ ಹಿಡಿದು ನಡೆಯಬೇಕು, ಊರ ಬಾಗಿಲಲ್ಲಿ ತಾಯಿಯನ್ನು ತಾನೇ ಇಳಿಸಿಕೊಳ್ಳಬೇಕು ಎಂದೆಲ್ಲ ಆಸೆ ಇಟ್ಟುಕೊಂಡಿದ್ದಳು. ಅವಳು ಮನೆಗೆ ಬರುವುದನ್ನು ನಾನೇ ನೋಡುವುದಿಲ್ಲವೇ ಎಂದು ದುಃಖ ಉಕ್ಕಿ ಬಂತು. ಆದರೂ ನಿಲುವಂಗಿಯನ್ನು ತಾಯಿಗೆ ತೊಡಿಸಿ, “ಪೆಟ್ಟಿಗೆ ಒಳಗೆ ಗಾಳಿ ಆಡುತ್ತೇನಪ್ಪಾ?” ಎಂದಷ್ಟೇ ಕೇಳಿದಳು.

ಹುಟ್ಟುಹಬ್ಬದ ದಿನ ಹೀಗೊಂದು ಪ್ರಕಟಣೆ ಹೊರಬಿತ್ತು: ‘ಈ ಮೂಲಕ ಸರ್ವರಿಗೂ ತಿಳಿಯಪಡಿಸುವುದೇನೆಂದರೆ, ಮಾತ್ಸು ತಾಯಿಯವರು ರಜೆಯ ಮೇಲಿರುವುದರಿಂದ ಅವರ ಕಾರ್ಯಭಾರವನ್ನು ಶ್ರೀಮತಿ ಚೂ ಅವರು ನಿರ್ವಹಿಸುತ್ತಾರೆ. ಬದಲಿ ಸಿಬ್ಬಂದಿಯನ್ನು ಮುಟ್ಟತಕ್ಕದ್ದಲ್ಲ.’

ಅಜ್ಜಿ ಪೆಟ್ಟಿಗೆಯೊಳಗೆ ಸ್ಟೂಲಿನ ಮೇಲೆ ಕೂತಳು. ಎದುರಿಗಿದ್ದ ಫಲಕ ಬದಲಾಗಿರಲಿಲ್ಲ. ‘ಬಣ್ಣ ಮಾಸಿದೆ’ ಎಂಬುದನ್ನು ಓದಿ ಜನ ಅವಳ ಮುಖ ನೋಡಿ, ಸರಿಯಾಗಿದೆ ಎಂದು ತಲೆಯಾಡಿಸಿ ಮುಂದೆ ಹೋಗುತ್ತಿದ್ದರು. ಮಧ್ಯಾಹ್ನ ಗುಡಿಯ ಮುಖ್ಯಸ್ಥ, ಅಜ್ಜಿಯ ಮೈದುನ ಆ-ಲಿಯಾಂಗ್ ಫೋನು ಮಾಡಿದ. ಪಟಾಕಿಯ ಸದ್ದಿನಲ್ಲಿ ಅವನ ಮಾತು ಅರ್ಧಂಬರ್ಧ ಕೇಳುತ್ತಿತ್ತು.

“ಅತ್ತಿಗೇ! ತಾಯಿ ಬಂದ್ಲು! ನಿಲುವಂಗಿ ಅಳತೆ ಸರಿಯಾಗಿ ಕೂತಿದೆ!”

“ಹೊಗೆ ಜಾಸ್ತಿ ಹಾಕ್ಬೇಡ್ರೋ, ಕಣ್ಣುರಿ ಆಗುತ್ತೆ ಅವಳಿಗೆ,” ಎಂದು ಬೈದು ಅಜ್ಜಿ ಗೋಡೆಯ ಕಡೆ ತಿರುಗಿ ಮೂಗೊರೆಸಿಕೊಂಡಳು.

ತಿರುಗಿ ನೋಡಿದರೆ ಎದುರಿಗೆ ಒಬ್ಬ ಹೆಂಗಸು ಕಣ್ಣುಮುಚ್ಚಿ ಕೈಮುಗಿದು ನಿಂತಿದ್ದಳು. “ತಾಯಿ, ನನ್ ಗಂಡನ ದೋಣಿ ಕಡಲಿಗೆ ಹೋಗಿದೆ. ಫೋನೂ ಸಿಗ್ತಿಲ್ಲ.” ಪ್ರದರ್ಶನದಲ್ಲಿರುವವರು ಮಾತಾಡಕೂಡದು. ಅಜ್ಜಿಗೆ ತಡೆಯಲಾಗಲಿಲ್ಲ. “ಬರ್ತಾನೆ ಬಿಡವ್ವಾ. ಮೊದ್ಲು ಹೋಗಿ ಏನಾದ್ರೂ ತಿನ್ನು, ಮುಖ ನೋಡು ಹೆಂಗಾಗಿದೆ.”

ಅವನು ಬಂದ. ಮರುದಿನ ಟಿಕೆಟಿನ ಸಾಲು ರಸ್ತೆ ಮುಟ್ಟಿತು. ಮೀನು, ಮದುವೆ, ಮೊಣಕಾಲು, ಎಲ್ಲವನ್ನೂ ಹೊತ್ತುಕೊಂಡು ಜನ ಬಂದರು. ಯೇ ಸಾಹೇಬರು ಕಿಟಕಿಯಿಂದ ಸಾಲನ್ನು ನೋಡಿ ನೋಡಿ ಸಂಪ್ರದಾಯವೆಂದರೆ ಜೀವಂತವಾಗಿರಬೇಕು ಎಂದು ಪತ್ರಿಕೆಯವರಿಗೆ ಹೇಳಿಕೆ ಕೊಟ್ಟರು.

ರಜೆ ಮುಗಿದ ದಿನ ಅತ್ತ ಗುಡಿಯಲ್ಲಿ ಆ-ಲಿಯಾಂಗ್, “ತಾಯಿ, ಕೆಲಸಕ್ಕೆ ವಾಪಸ್ ಹೋಗ್ತೀಯಾ?” ಎಂದು ತುಂಡು ಹಾಕಿದ. ಎರಡೂ ಕವುಚಿ ಬಿದ್ದವು. ಮತ್ತೆ ಹಾಕಿದರೂ ಅದೇ.

ಸುದ್ದಿ ತಿಳಿದ ಯೇ ಸಾಹೇಬರು ಪೆಟ್ಟಿಗೆಯ ಬಾಗಿಲು ತೆರೆದು ನಿಂತರು. “ನೋಡಿ ಅಜ್ಜಿ, ನಿಮ್ಮಿಷ್ಟ. ನೀವು ಇಳಿದ್ರೆ ಅವ್ರು ಬರ್ಲೇಬೇಕು. ಬದಲಿ ಇರೋವರೆಗೂ ಅವ್ರ ರಜೆ ನಡೆಯುತ್ತೆ.”

ಅಜ್ಜಿ ಒಂದು ಕಾಲು ಹೊರಗಿಟ್ಟಿದ್ದಳು. ಕಡಲಗಾಳಿಗೆ ಮುಖ ಕೊಟ್ಟು ತನ್ನವರ ನಡುವೆ ಕೂತಿರುವ ತಾಯಿ ಕಣ್ಣಮುಂದೆ ಬಂದಳು. ಕಾಲು ಒಳಗೆ ಎಳೆದುಕೊಂಡಳು.

“ಸಂಜೆ ಕಚೇರಿ ಮುಚ್ಚಿದ್ಮೇಲೆ ಮನೆಗೆ ಬಿಡ್ತೀರಲ್ಲ?”

“ಛೆ ಛೆ, ನೀವು ವಸ್ತು ಅಲ್ವಲ್ಲ ಅಜ್ಜಿ, ಸಿಬ್ಬಂದಿ.”

ಈಗ ಎಲ್ಲ ಕ್ರಮವಾಗಿ ನಡೆದುಕೊಂಡು ಹೋಗುತ್ತಿದೆ. ತಾಯಿಯ ರಜೆಯನ್ನು ಕಾಲಕಾಲಕ್ಕೆ ವಿಸ್ತರಿಸಲಾಗುತ್ತಿದೆ. ಸುವಾಲುನ್‌ನವರು ಊರಿನಲ್ಲಿ ದೇವಿಯನ್ನು ಪುಕ್ಕಟೆ ನೋಡಿ, ಅಜ್ಜಿಯನ್ನು ನೋಡಲು ಟಿಕೆಟ್ ತೆಗೆದುಕೊಂಡು ಬರುತ್ತಾರೆ, ಯಾರಿಗೂ ತಕರಾರಿಲ್ಲ. ಅಜ್ಜಿ ಸಂಜೆಯ ಬಸ್ಸಿಗೆ ಊರಿಗೆ ಹೋಗುತ್ತಾಳೆ. ನೇರ ಗುಡಿಗೆ ನಡೆದು, ತಾಯಿಯ ಕಾಲ ಬುಡದಲ್ಲಿ ಉಸ್ಸಪ್ಪಾ ಎಂದು ಕೂರುತ್ತಾಳೆ.

“ಕೇಳ್ಕೋ. ದಕ್ಷಿಣದ ಬಂದರಿನವಳ ಸೊಸೆಗೆ ದಿನ ತುಂಬಿದೆ. ಮೀನಂಗಡಿ ಮುದುಕನಿಗೆ ಕಣ್ಣು ಕಾಣ್ತಿಲ್ಲ. ಒಂದು ಹುಡುಗಿ ಏನೂ ಹೇಳ್ದೆ ಬರೀ ಅತ್ಕೊಂಡು ಹೋದ್ಲು, ಅವಳನ್ನ ಮೊದ್ಲು ನೋಡು. ಎಲ್ರಿಗೂ ಆಗುತ್ತೆ ಅಂತ ಒಪ್ಕೊಂಡು ಬಂದಿದೀನಿ ಕಣೇ. ಇನ್ನು ನೀನುಂಟು, ಅವ್ರುಂಟು.”

ಇದನ್ನು ಕಾರ್ಯಭಾರ ಹಸ್ತಾಂತರವೆಂದು ಸಂಗ್ರಹಾಲಯ ಪರಿಗಣಿಸಿದೆ. ಕಚೇರಿಯ ವೇಳೆಯ ನಂತರ ನಡೆಯುವುದರಿಂದ ಬಸ್ಸಿನ ಭತ್ಯೆ ಕೊಡಲು ಬರುವುದಿಲ್ಲ.