ಬೀಗರು ಬ್ರೆಡ್ ಗಾಡಿ ಹಿಡಿದದ್ದು

ನಮ್ಮ ಬೀಗರಿಗೆ ಹುಚ್ಚು ಅಂತ ನಾನು ಎಂದೂ ಅಂದವಳಲ್ಲ. ಅಂದವರ ಬಾಯಿಗೆ ಒಂದು ಚಮಚ ಸಕ್ಕರೆ ಹಾಕಿದ್ದೇನೆ, ಅಷ್ಟೇ!

ಬೀಗರು ಅಂದರೆ ನನ್ನ ಸೊಸೆಯ ತಂದೆ, ಕಮಲಾಪುರದವರು. ಹೆಂಡತಿ ತೀರಿಕೊಂಡಿದ್ದಾರೆ, ಇರುವುದು ಒಬ್ಬಳೇ ಮಗಳು. ಮೊದಲ ಹೆರಿಗೆ ತವರಿನಲ್ಲೇ ಆಗಬೇಕು ಅನ್ನುವುದು ನಮ್ಮ ಕಡೆಯ ರೂಢಿ. ಆದರೆ ಸೊಸೆಗೆ ಹಿಂದೆ ಒಮ್ಮೆ ಗರ್ಭ ನಿಲ್ಲದೆ ಹೋಗಿತ್ತು. ಈ ಸಲ ಡಾಕ್ಟರಮ್ಮ ಖಡಕ್ಕಾಗಿ ಹೇಳಿಬಿಟ್ಟರು: "ಕಮಲಾಪುರದ ರಸ್ತಿ ಮ್ಯಾಲ ಈಕೀನ ಕುಂದ್ರಿಸ್ಕೊಂಡು ಹೋದ್ರಿ ಅಂದ್ರ, ನನ್ನ ಕಡಿ ಮತ್ತ ಬರಬ್ಯಾಡ್ರಿ." ಸೊಸೆ ಕಲಬುರಗಿಯಲ್ಲಿ ನಮ್ಮ ಮನೆಯಲ್ಲೇ ಉಳಿದಳು.

ಹಾಗಾದರೆ ನೀವೇ ಬಂದು ಇರಿ ಎಂದೆ. ಬೀಗರು ಕೈಮುಗಿದರು. "ಅಕ್ಕಾರ, ಮಗಳಿಗೆ ಒಂದು ಕೂಸು ಹುಟ್ಟೋತನಕ ಆಕಿ ಮನ್ಯಾಗ ನಾವು ನೀರು ಸೈತ ಮುಟ್ಟಂಗಿಲ್ರಿ. ನಮ್ಮ ಮನಿತನದ ಕಟ್ಟು."

"ನೀರು ಮುಟ್ಟಬ್ಯಾಡ್ರಿ, ಚಹಾ ಕುಡೀರಿ!"

ನಗಲಿಲ್ಲ. ಊರಿಗೆ ಹೋಗುತ್ತೇನೆಂದು ಚೀಲ ಎತ್ತಿಕೊಂಡು ನಡೆದರು. ಹೋದದ್ದು ಊರಿಗಲ್ಲ, ಕೋಟೆಯ ಹತ್ತಿರ ಹಳೇ ಗಾಡಿ ಮಾರುವವನ ಕಡೆಗೆ! ನಮ್ಮ ಓಣಿಯಲ್ಲೇ, ಯಾರಿಗೂ ಗೊತ್ತಾಗದಂತೆ, ಗಾಡಿಯೊಳಗೆ ಸಂಸಾರ ಹೂಡುವುದು ಅವರ ಆಲೋಚನೆ. ಮಗಳಿಗೆ ನೋವು ಬಂದರೆ ಅಪ್ಪ ಕೂಗಳತೆಯಲ್ಲಿ ಇರಬೇಕು, ಬೀಗರ ಮನೆಯ ಹಂಗೂ ಇರಬಾರದು. ಈ ಗುಟ್ಟು ನನಗೆ ಹೇಗೆ ತಿಳಿಯಿತು ಅಂತೀರಾ? ಗಾಡಿ ಮಾರುವವನ ಹೆಂಡತಿ ನನ್ನ ಗೆಳತಿ. ಇನ್ನು ಕಲಬುರಗಿಯಲ್ಲಿ ಯಾವ ಗುಟ್ಟು ಉಳಿದೀತು!

ಮೊದಲು ತೋರಿಸಿದ್ದು ಒಂದು ಅಂಬಾಸಿಡರ್ ಕಾರು.

"ಎಂಜಿನ್ ದೇಖೋ ಚಾಚಾ, ಏಕದಮ್ ಮಸ್ತ್!" ಎಂದನಂತೆ ಅವನು.

"ಎಂಜಿನ್ ಯಾವನಿಗೆ ಬೇಕೋ? ಕಾಲು ಚಾಚಾಕ ಬರ್ತದೇನು, ಅದನ್ನ ಹೇಳು ಚಾಚಾ," ಎಂದು ಇವರು ಹಿಂದಿನ ಸೀಟಿನಲ್ಲಿ ಮಲಗಿಯೇ ಬಿಟ್ಟರು. ಆರಡಿ ಆಳು. ಒಂದು ಕಿಟಕಿಯಿಂದ ರುಮಾಲು ಹೊರಗೆ, ಇನ್ನೊಂದರಿಂದ ಪಾದ ಹೊರಗೆ! ಗುಟ್ಟಿನ ಗಾಡಿಗೆ ಎರಡೂ ಕಡೆ ಬಾವುಟ ಯಾಕೆ?

ಆಮೇಲೆ ನಂದೂರಿನ ಬೇಳೆ ಮಿಲ್ಲಿಗೆ ತೊಗರಿ ಹೊತ್ತ ಟೆಂಪೋ. ಒಳಗೆ ಹೊಕ್ಕವರು ಹದಿನೇಳು ಸಲ ಸೀನಿದರು. ತೊಗರಿ ಹೊಟ್ಟಿನ ಧೂಳು ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಹೀಗೆ ಸೀನುತ್ತ ಅಡಗಿ ಕೂಡುವುದಕ್ಕಿಂತ ಮೈಕು ಹಿಡಿದು ಕೂಡುವುದು ಮೇಲು.

ಮೂರನೆಯದು ಮನಸ್ಸಿಗೆ ಬಂತು. ಬಿಳಿ ವ್ಯಾನು, ಉದ್ದಕ್ಕೆ ಹಲಗೆ, ಕಿಟಕಿಗೆ ಪರದೆ. ಮಲಗಿ ನೋಡಿದರು. ತಲೆಯೂ ಒಳಗೆ, ಕಾಲೂ ಒಳಗೆ.

"ಇದರಾಗ ಮೊದಲ ಯಾರು ಮಲಗ್ತಿದ್ರೋ?"

"ಬಹಳ ಮಂದಿ ಮಲಗ್ಯಾರ ಚಾಚಾ. ಒಬ್ಬರೂ ತಕರಾರು ಮಾಡಿಲ್ಲ. ಹೆಣಾ ಒಯ್ಯೋ ಗಾಡಿ."

ಬೀಗರು ಎದ್ದ ರಭಸಕ್ಕೆ ಹಲಗೆ ಮುರಿಯಿತಂತೆ!

ಕೊನೆಗೆ ಒಪ್ಪಿದ್ದು ಬೇಕರಿಯವರ ಹಳೇ ಗಾಡಿಯನ್ನು. ಸುತ್ತಲೂ ತಗಡು, ಮೈಮೇಲೆ ದೊಡ್ಡ ಅಕ್ಷರದಲ್ಲಿ 'ಬ್ರೆಡ್, ಬನ್, ಖಾರಿ, ಟೋಸ್ಟ್'. ಬ್ರೆಡ್ ಗಾಡಿಯೊಳಗೆ ಒಬ್ಬ ಬೀಗ ಇದ್ದಾನೆಂದು ಯಾರು ಎಣಿಸಿಯಾರು? ಇವರಿಗೆ ಎತ್ತು ಹೊಡೆದು ಗೊತ್ತು, ಗಾಡಿ ಓಡಿಸಿ ಗೊತ್ತಿಲ್ಲ. ಮಾರಿದವನೇ ತಂದು ನಮ್ಮ ಓಣಿಯ ತುದಿಯ ಬೇವಿನ ಮರದ ಕೆಳಗೆ ನಿಲ್ಲಿಸಿ ಹೋದ.

ಬೆಳಗಾಗುತ್ತಲೇ ಓಣಿಯ ಹೆಂಗಸರು ತಗಡು ಬಡಿಯತೊಡಗಿದರು. "ಖಾರಿ ಕೊಡಪಾ, ಚಹಾ ಆರಾಕತ್ತದ!"

ಇಲ್ಲ ಎಂದರೆ ಗುಟ್ಟು ರಟ್ಟು. ಪಾಪ, ಮರುದಿನದಿಂದ ಬೀಗರು ಮುಖಕ್ಕೆ ಮಫ್ಲರು ಸುತ್ತಿ, ಯಾವುದೋ ಬೇಕರಿಗೆ ನಡೆದುಹೋಗಿ ಖಾರಿ ತಂದು, ತಂದ ಬೆಲೆಗೇ ಕೊಡತೊಡಗಿದರು. ಓಣಿಯಲ್ಲಿ ಒಳ್ಳೆಯ ಹೆಸರು ಬಂತು. ಆದರೆ ಹಣೆಯ ತುಂಬ ವಿಭೂತಿ, ಗಾಡಿಯೊಳಗಿಂದ ಊದಿನಕಡ್ಡಿಯ ಹೊಗೆ. ಬ್ರೆಡ್ಡಿಗೂ ಯಾರಾದರೂ ಪೂಜೆ ಮಾಡುತ್ತಾರೆಯೇ?

ಎರಡು ದಿನಕ್ಕೊಮ್ಮೆ ಮಫ್ಲರು ಬಿಚ್ಚಿಟ್ಟು ನಮ್ಮ ಬಾಗಿಲಿಗೆ ಬರುವರು. "ಈಗ ಬಸ್ಸಿಳಿದೆ ಅಕ್ಕಾರ. ಊರಿಂದ ಕೆಂಪು ಬಾಳೆಹಣ್ಣು ತಂದೀನಿ." ಅದೇ ಹಣ್ಣಿಗೆ ಅವರು ಕಲಬುರಗಿಯ ಮಾರ್ಕೆಟ್ಟಿನಲ್ಲಿ ಚೌಕಾಸಿ ಮಾಡುತ್ತಿದ್ದುದನ್ನು ಬೆಳಿಗ್ಗೆ ನಾನೇ ನೋಡಿದ್ದೆ.

"ಬಸ್ಸಿನಾಗ ಬಹಳ ಮಂದಿ ಇದ್ರೇನ್ರಿ?" ಎಂದೆ.

"ನಿಂತೇ ಬಂದೆ ನೋಡ್ರಿ."

ಸುಳ್ಳಿನ ಬಸ್ಸಿನಲ್ಲೂ ಈ ಮನುಷ್ಯನಿಗೆ ಸೀಟು ಸಿಗಲಿಲ್ಲ!

ಸೊಸೆಗೂ ಹೇಳದೆ ಸುಮ್ಮನಿದ್ದೆ. ಮರ್ಯಾದೆಗೆ ಅಂಜುವವರು. ನಾನು ಬಾಯಿ ಬಿಟ್ಟರೆ ಗಾಡಿ ಅಲ್ಲೇ ಬಿಟ್ಟು ಊರು ಸೇರುತ್ತಿದ್ದರು.

ಸೊಸೆಗೆ ಒಂಬತ್ತನೇ ತಿಂಗಳು ಬಿತ್ತು. ಒಂದು ಮಧ್ಯಾಹ್ನ ಊಟದ ತಟ್ಟೆಯ ಮುಂದೆ ಕೂತು ಅಳತೊಡಗಿದಳು. "ಅತ್ತಿ, ಒಂದ್ಸಲ ತವರಿಗೆ ಹೋಗಿ ಬರ್ತೀನ್ರಿ. ಅವ್ವ ಅಂತೂ ಇಲ್ಲ. ಅಪ್ಪ ಒಬ್ಬಾಂವ ಏನು ಮಾಡಾಕತ್ತಾನೋ. ನಾಳಿಗಿ ನನಗ ಏನರ ಆದ್ರ..."

"ಬಾಯಿ ಮುಚ್ಚು. ಚಪ್ಪಲಿ ಹಾಕ್ಕೋ."

"ಎಲ್ಲಿಗ್ರಿ?"

"ತವರಿಗೆ."

ಕೈ ಹಿಡಿದು ಮೆಲ್ಲಗೆ ಆರು ಮನೆ ದಾಟಿಸಿದೆ. ತಗಡು ಬಡಿದೆ.

"ಖಾರಿ ಮುಗದಾವ್ರೀ!" ಒಳಗಿಂದ ದನಿ ಬಂತು.

ಸೊಸೆ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಳು. ಅಪ್ಪನ ದನಿ ಮಗಳಿಗೆ ಗುರುತಾಗದೇ?

"ಖಾರಿ ಬ್ಯಾಡ್ರಿ ಬೀಗರ. ಮಗಳನ್ನ ತವರಿಗೆ ಕರಕೊಂಡು ಬಂದೀನಿ. ಬಾಗಲಾ ತಗೀರಿ."

ಬಾಗಿಲು ತೆರೆಯಿತು. ಬೀಗರು ಕುಡಿಯುವ ನೀರಿನ ಕೊಡವನ್ನೇ ಎತ್ತಿ ತಂದು ಮಗಳ ಕಾಲಿಗೆ ನೀರು ಹಾಕಿದರು. ಅರ್ಧ ನೀರು ನನ್ನ ಸೀರೆಗೆ. ತವರಿಗೆ ಬಂದ ಮಗಳ ಕಾಲಿಗೆ ನೀರು ಕೊಡುವುದು ತಾಯಿಯ ಕೆಲಸ. ತಾಯಿ ಇಲ್ಲ, ಅವರೇ ಮಾಡಿದರು.

"ಬಾರವ್ವಾ, ಮನಿಗೆ ಬಾ," ಎಂದು ಕೈಕೊಟ್ಟು ಮೆಟ್ಟಿಲು ಹತ್ತಿಸಿಕೊಂಡರು.

ನಾನು ಹೊರಗೆ ನೆರಳಲ್ಲೇ ನಿಂತೆ. ತವರಿನಲ್ಲಿ ಅತ್ತೆಗೇನು ಕೆಲಸ?