ಮಾಮಾನ ತಕ್ಕಡಿ ಮತ್ತು ಖೋಟಾ ಸೆಲ್ಲು

ನನ್ನ ಸೋದರಮಾವ ಇದುವರೆಗೆ ಯಾರ ಮಾತನ್ನಾದರೂ ನಂಬಿದ ದಾಖಲೆಯಿಲ್ಲ. ಜೋಗೇಶ್ವರಿ ಸ್ಟೇಷನ್ನಿನ ಇಂಡಿಕೇಟರ್ ಸ್ಲೋ ಲೋಕಲ್ ಎಂದು ತೋರಿಸಿದರೂ, ಬಾಗಿಲಲ್ಲಿ ನೇತಾಡುವವನನ್ನು ಕೇಳಿ ಖಾತ್ರಿ ಮಾಡಿಕೊಂಡೇ ಹತ್ತುವವನು. ಖಾತ್ರಿಯಾಗುವ ಹೊತ್ತಿಗೆ ಲೋಕಲ್ ಹೋಗಿರುತ್ತದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ‘ಪುರಾವೆ ಎಲ್ಲಿ’ ಎಂದು ಎದುರಾಳಿಯನ್ನು ಹೆದರಿಸಿ ಕಪ್ ಗೆದ್ದವಳು ನಾನು. ಮಾಮಾನ ಪಕ್ಕ ನಿಂತರೆ ನಾನೇ ಪರಮ ಭಕ್ತೆ!

ಅವನ ಕಸುಬು ಬ್ಯಾಟರಿ. ಟಾರ್ಚು, ಸ್ಕೂಟರುಗಳ ಸತ್ತ ಬ್ಯಾಟರಿ ಪ್ಯಾಕು ಬಿಚ್ಚಿ ಹೊಸ ಲಿಥಿಯಂ ಸೆಲ್ಲು ಕೂರಿಸುತ್ತಾನೆ. ಬೆರಳುದ್ದದ ಆ ಸೆಲ್ಲುಗಳಲ್ಲಿ ಅಸಲಿ ಯಾವುದು, ಖೋಟಾ ಯಾವುದು ಎಂಬುದೇ ಅವನ ವೇದಾಂತ. ಅದಕ್ಕೆಂದೇ ಅಕ್ಕಸಾಲಿಗರ ತಕ್ಕಡಿಯೊಂದನ್ನು ತಂದಿಟ್ಟುಕೊಂಡಿದ್ದಾನೆ. ಅಸಲಿಯಾದರೆ ಸುಮಾರು ನಲವತ್ತೈದು ಗ್ರಾಂ ತೂಗಬೇಕು. ಒಮ್ಮೆ ಹಗುರಾದ ಒಂದನ್ನು ಬಿಚ್ಚಿದಾಗ ಒಳಗೆ ಚಿಕ್ಕದೊಂದು ಸೆಲ್ಲು, ಸುತ್ತ ಬಿಳಿ ಪುಡಿ. ಕೊಂಡ ಅಂಗಡಿಗೇ ಒಯ್ದು ಕೌಂಟರಿನ ಮೇಲೆ ಸುರಿದ.

“ಚಾಚಾ, ಓರಿಜಿನಲ್ ಹೈ, ಗ್ಯಾರಂಟಿ,” ಎಂದ ಅಂಗಡಿಯವ, ಪುಡಿಯ ಕಡೆ ನೋಡದೆ.

“ಗ್ಯಾರಂಟಿ ಕಬ್ ತಕ್?” ಎಲ್ಲಿಯತನಕದ ಗ್ಯಾರಂಟಿ ಎಂದು ಮಾಮಾ ಕೇಳಿದ.

“ದುಕಾನ್ ಕೀ ಸೀಡಿ ತಕ್.”

ಅಂಗಡಿಯ ಮೆಟ್ಟಿಲಿನವರೆಗೆ! ಮಾಮಾನಿಗೆ ಮಹದಾನಂದ. “ಇಷ್ಟು ಖರೇ ಮಾತಾಡಾಂವ ಇಡೀ ಬಜಾರದಾಗ ಇವನೊಬ್ನ,” ಎಂದು ಇಂದಿಗೂ ಅಲ್ಲಿಗೇ ಹೋಗುತ್ತಾನೆ.

ಈ ರೋಗದ ಬಿಸಿ ಮನೆಮಂದಿಗೂ ತಟ್ಟಿದೆ. ಗೋರೆಗಾಂವಿನಿಂದ ನನಗೊಬ್ಬ ವರನ ಬಯೋಡೇಟಾ ಬಂದಿತ್ತು: ಎಂಜಿನಿಯರ್, ಸೌಮ್ಯ ಸ್ವಭಾವ, ಸ್ವಂತ ಫ್ಲ್ಯಾಟು, ಅಡುಗೆ ಬರುತ್ತದೆ, ಸಿಗರೇಟು ಮುಟ್ಟುವುದಿಲ್ಲ, ಹೆಂಡತಿಯ ಅಭಿಪ್ರಾಯಕ್ಕೆ ಬೆಲೆ ಕೊಡುತ್ತಾನೆ. ಮಾಮಾ ಎರಡು ಸಲ ಓದಿ ನನ್ನ ಅಮ್ಮನಿಗೆ ವಾಪಸು ಕೊಟ್ಟ. “ಅಕ್ಕಾ, ಈ ಸೈಜಿನ ಸೆಲ್ಲಿನಾಗ ಇಷ್ಟೆಲ್ಲಾ ತುಂಬೂದಿಲ್ಲ.” ಆಮೇಲೆ ವಿಚಾರಿಸಿದರೆ ಫ್ಲ್ಯಾಟು ಅವನ ದೊಡ್ಡಪ್ಪನದಂತೆ.

ಇಷ್ಟೆಲ್ಲ ಅನುಮಾನದ ಮನೆಯಲ್ಲಿ ಒಂದು ಸೆಲ್ಲು ಮಾತ್ರ ತಮಾಷೆಯ ವಿಷಯವಲ್ಲ. ನನ್ನ ಅತ್ತೆಗೆ, ಅಂದರೆ ಮಾಮಾನ ಹೆಂಡತಿಗೆ, ಎರಡು ವರ್ಷದ ಹಿಂದೆ ಗಂಟಲಿನ ಆಪರೇಶನ್ ಆಗಿ ಧ್ವನಿಪೆಟ್ಟಿಗೆ ತೆಗೆದರು. ಈಗ ಟಾರ್ಚಿನಂಥ ಒಂದು ಯಂತ್ರವನ್ನು ಕುತ್ತಿಗೆಗೆ ಒತ್ತಿ ಹಿಡಿದರೆ ಮಾತು ಹೊರಡುತ್ತದೆ. ಅದು ನಡೆಯುವುದು ಇಂಥದೇ ಒಂದು ಸೆಲ್ಲಿನಿಂದ. ಮೂರನೇ ಮಾಳಿಗೆಯಿಂದ ಕೂಗಿ ಬೀದಿ ಕೊನೆಯ ನಾಕಾದಲ್ಲಿ ಹೊರಟ ತರಕಾರಿ ಭಾಜಿಯವನನ್ನು ನಿಲ್ಲಿಸುತ್ತಿದ್ದ ಅತ್ತೆಗೆ, ಡಬ್ಬಿಯೊಳಗೆ ದುಂಬಿ ಗುಂಯ್‌ಗುಡುವಂಥ ಆ ದನಿ ತನ್ನದೆನಿಸಲಿಲ್ಲ. ಒಮ್ಮೆ ರೇಶನ್ ಸಾಲಿನಲ್ಲಿ ಯಾರೋ ನಕ್ಕರು. ಅಂದಿನಿಂದ ಯಂತ್ರ ಕಪಾಟು ಸೇರಿತು. ಹೊರಗಿನವರಿಗೆ ಕೈಸನ್ನೆ, ಮನೆಯವರಿಗೆ ಹುಬ್ಬು. ನಮ್ಮ ವಠಾರ, ಇಡೀ ಚಾಳೇ ಮೂಕವಾದಂತಾಯಿತು.

ಜೋರಾದ ಸೆಲ್ಲಿದ್ದರೆ ದನಿ ಸುಧಾರಿಸೀತು, ಅತ್ತೆಯನ್ನು ಮಾತಾಡಿಸುವ ಪುಣ್ಯ ನನ್ನದಾಗಲಿ ಎಂದು ನಾನು ಆನ್‌ಲೈನಿನಲ್ಲಿ ಎರಡು ಸೆಲ್ಲು ತರಿಸಿದೆ. ಮೇಲೆ ಸೆಲ್ಲಿನ ಸಾಮರ್ಥ್ಯ ‘9900’ ಎಂದು ಕೆಂಪಕ್ಷರ. ಮಾಮಾ ಮುದ್ರೆ ನೋಡಿಯೇ ನಿಟ್ಟುಸಿರಿಟ್ಟ.

“ನಾಲ್ಕು ಸಾವಿರ ದಾಟಿಸಾಕ ದೊಡ್ಡ ದೊಡ್ಡ ಕಂಪನಿ ಒದ್ದಾಡ್ತಾವ. ಇವರು ಒಂಬತ್ತು ಸಾವಿರ ತುಂಬ್ಯಾರ.”

“ಸಾವಿರಾರು ಜನ ರಿವ್ಯೂ ಬರ್ದಿದ್ದಾರೆ ಮಾಮಾ. ಎಲ್ಲರೂ ಸುಳ್ಳಾ?”

ತಕ್ಕಡಿ ಬಂತು. ಮೂವತ್ತೊಂದು ಗ್ರಾಂ.

“ನಿನ್ನ ಮೊದಲನೇ ಮೊಬೈಲು ಇಟ್ಟಿಗೆ ಥರ ಇತ್ತು,” ಎಂದೆ ನಾನು. “ಈಗಿನದು ಹಗುರ. ಹಾಗಂತ ಖೋಟಾನಾ? ತೂಕ ಕಡಿಮೆ ಆದ್ರೆ ಟೆಕ್ನಾಲಜಿ ಮುಂದುವರಿದಿದೆ ಅಂತ ಯಾಕಾಗಬಾರದು?”

ತೀರ್ಪುಗಾರರಿದ್ದಿದ್ದರೆ ಕಪ್ ನನಗೇ. ಮಾಮಾ ಕಪಾಟು ತೆಗೆದು ಯಂತ್ರಕ್ಕೆ ನನ್ನ ಸೆಲ್ಲು ತುರುಕಿ, ಜೋಳದ ಹಿಟ್ಟು ನಾದುತ್ತಿದ್ದ ಅತ್ತೆಯ ಮುಂದೆ ಹಿಡಿದ.

“ಟೆಸ್ಟ್ ಮಾಡೂದೈತಿ. ಇದು ಸಾಯೂತನಕ ಮಾತಾಡು.”

ಅತ್ತೆ ಹುಬ್ಬೇರಿಸಿದಳು: ಏನು ಮಾತಾಡಲಿ?

“ನನ್ನ ಬೈಯಿ. ತಯಾರಿ ಬೇಕಾಗೂದಿಲ್ಲ.”

ಅತ್ತೆ ಕೈ ತೊಳೆದುಕೊಂಡು ಯಂತ್ರ ತೆಗೆದುಕೊಂಡಳು. ಮೊದಲಿಗೆ ಎರಡೇ ಶಬ್ದ, ಬಾಗಿಲ ಕಡೆ ನೋಡುತ್ತ. ಆಮೇಲೆ, ಮದುವೆಯಾದ ಹೊಸತರಲ್ಲಿ ತನ್ನನ್ನು ದಾದರಿನಲ್ಲಿ ಬಿಟ್ಟು ಮಾಮಾ ಒಬ್ಬನೇ ಲೋಕಲ್ ಹತ್ತಿದ್ದು ನೆನಪಾಯಿತು. ಅಲ್ಲಿಂದ ಬಂಡಿ ಹಳಿ ಹಿಡಿಯಿತು. “ಟ್ರಂಕು ಒಯ್ದ್ರಿ. ಹೇಣ್ತಿ ಬಿಟ್ರಿ. ಸ್ಟೇಷನ್ ಮಾಸ್ತರ ಹೇಣ್ತಿ ಎಲ್ಲಿ ಅಂತ ಕೇಳಿದ್ರ ಟ್ರಂಕು ಇಲ್ಲೇ ಐತಿ ಅಂದ್ರಿ.” ಮಾಮಾ ಯಂತ್ರ ಬಿಸಿಯಾಗುತ್ತಿದೆಯೇ ಎಂದು ಆಗಾಗ ಮುಟ್ಟಿ ನೋಡುತ್ತ, ಒಂದೊಂದು ಬೈಗುಳಕ್ಕೂ ತಲೆದೂಗುತ್ತ ಕುಳಿತಿದ್ದ. ಒಂದು ತಾಸೂ ಆಗಿರಲಿಲ್ಲ. “ಒಂದ ಸಲನಾದ್ರೂ ನೀವು…” ಎನ್ನುವಲ್ಲಿ ದನಿ ನಿಂತಿತು. ತುಟಿ ಮಾತ್ರ ಆಡುತ್ತಿತ್ತು. ಅರ್ಧಕ್ಕೆ ನಿಂತ ಬೈಗುಳದ ಸಿಟ್ಟು ಅವಳ ಮುಖದಲ್ಲಿ ನೋಡಬೇಕಿತ್ತು!

“ಖೋಟಾ,” ಎಂದ ಮಾಮಾ, ನನ್ನ ಕಡೆ ತಿರುಗದೆ. ಜೇಬಿನಿಂದ ಅಸಲಿ ಸೆಲ್ಲು ತೆಗೆದು ಹಾಕಿದ.

ಮಾತು ನಿಂತಲ್ಲಿಂದಲೇ ಅತ್ತೆ ಮುಂದುವರಿಸಿದಳು. ಊಟವಾಯಿತು, ಚಹಾ ಆಯಿತು, ಸೆಲ್ಲು ದಣಿಯಲಿಲ್ಲ. ಪಕ್ಕದ ಖೋಲಿಯ ಖಾಲಾ, ಕಲಬುರಗಿ ಕಡೆಯವರು, ಬಾಗಿಲಿಗೆ ಬಂದು ನಿಂತರು.

“ಕ್ಯಾ ಜೀ ಭಾಬಿ, ಭಾಯ್ ಕ್ಯಾ ಕರೇ? ಏನ್ ತಪ್ಪ್ ಮಾಡಿದ್ರು?”

ಅತ್ತೆಯ ಕೈ ಕೆಳಗಿಳಿಯಿತು. ಆಮೇಲೆ ಯಂತ್ರ ಮತ್ತೆ ಕುತ್ತಿಗೆಗೆ ಹೋಯಿತು.

“ಕುಂದರ್ರಿ ಖಾಲಾ. ಮೊದಲಿಂದ ಹೇಳ್ತೇನಿ.”

ಆಗ ನನ್ನ ವಾದದ ಬುದ್ಧಿಗೆ ತಡವಾಗಿ ಒಂದು ಪ್ರಶ್ನೆ ಹೊಳೆಯಿತು. ಸೆಲ್ಲಿನ ದಮ್ಮು ಅಳೆಯಲು ಮಾಮಾ ಕೆಲಸ ಮಾಡುವ ಗಾಳೆಯಲ್ಲಿ ಬೇರೆ ಯಂತ್ರವೇ ಇದೆ. ಗುಂಡಿ ಒತ್ತಿಟ್ಟು ಬಂದರೆ ತಾನೇ ಲೆಕ್ಕ ಹೇಳುತ್ತದೆ. ಹೊರಗಿನ ಗ್ಯಾಲರಿಯಲ್ಲಿ ಗೋಡೆಗೊರಗಿ ನಿಂತಿದ್ದ ಮಾಮಾನ ಹತ್ತಿರ ಹೋಗಿ ಅದನ್ನೇ ಕೇಳಿದೆ.

“ತೂಕ ನೋಡಿದಾಗನ ಗೊತ್ತಿತ್ತು ನನಗ,” ಎಂದ.

“ಮತ್ತೆ ಈ ಟೆಸ್ಟ್ ಯಾಕೆ?”

ಒಳಗಿನಿಂದ ಅತ್ತೆಯ ದನಿ, ಅದರ ಮೇಲೆ ಖಾಲಾರ ನಗು. ಮಾಮಾ ಕಿವಿ ಆ ಕಡೆಗಿಟ್ಟು, ನನ್ನ ತಲೆಯ ಮೇಲೆ ಕೈ ಇಟ್ಟ.

“ಸುಮ್ನಿರು. ಆಕಿ ಮಾತಾಡಾಕತ್ತಾಳ.”